ಆಷಾಢದಲ್ಲಿ ಕೈತೋಟದವರ ಸಮಾವೇಶ: ಹಾಲ್ ಬುಕ್ಕಿಂಗ್‌ನಿಂದ ಠೇವಣಿ ವಾಪಸ್ಸಿನ ತನಕ

ಉತ್ತರ ಬೆಂಗಳೂರಿನ ಕೈತೋಟದವರೆಲ್ಲ ಸೇರಿ ಒಂದು ದಿನದ ಸಮಾವೇಶ ಮಾಡಿ ಮುಗಿಸಿದೆವು. ಲೆಕ್ಕ ಬರೆದಾಯಿತು, ಬಾಡಿಗೆ ತಟ್ಟೆಗಳನ್ನು ವಾಪಸ್ ಕೊಟ್ಟಾಯಿತು. ಈಗ ಫೋನಿನ ಮೇಲೆ ಫೋನು. ಥಣಿಸಂದ್ರದವರು, ದಾಸರಹಳ್ಳಿಯವರು, ಎಲ್ಲರದ್ದೂ ಒಂದೇ ಪ್ರಶ್ನೆ. 'ನಮ್ಮ ಲೇಔಟ್‌ನಲ್ಲೂ ಮಾಡಬೇಕು ಮೇಡಂ, ಎಲ್ಲಿಂದ ಶುರು ಮಾಡೋದು?' ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ತಾರಸಿ ತೋಟದ ಕಾರ್ಯಕ್ರಮಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಆದರೆ ನಾವು ಹೋಗಿಬಂದವು ಹೆಚ್ಚಾಗಿ ಜಯನಗರ, ಬಸವನಗುಡಿ, ಲಾಲ್‌ಬಾಗ್ ಕಡೆಯವೇ. ವಿದ್ಯಾರಣ್ಯಪುರ, ಸಹಕಾರನಗರ, ಯಲಹಂಕದವರು ಸಸಿ ಹಿಡಿದುಕೊಂಡು ಹೆಬ್ಬಾಳ ಫ್ಲೈಓವರ್ ದಾಟಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸಸಿಯೂ ಬಾಡಿರುತ್ತದೆ, ನಾವೂ ಬಾಡಿರುತ್ತೇವೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ನಮ್ಮ ಮಗ್ಗುಲಲ್ಲೇ ಇದೆ. ನವೆಂಬರ್‌ನ ಕೃಷಿ ಮೇಳಕ್ಕೆ ನಾವೂ ಹೋಗುತ್ತೇವೆ, ಟ್ರ್ಯಾಕ್ಟರ್ ನೋಡಿಕೊಂಡು ಬರುತ್ತೇವೆ. ಅದು ಎಕರೆ ಲೆಕ್ಕದ ರೈತರ ಮೇಳ. ಇಪ್ಪತ್ತು ಗ್ರೋ ಬ್ಯಾಗ್ ಇಟ್ಟುಕೊಂಡವರ ತಲೆನೋವೇ ಬೇರೆ, ಅಲ್ವಾ?

ಹಾಗಾಗಿ ನಾಲ್ಕಾರು ಮನೆಯವರು ಕೂತು ಮಾತಾಡಿದೆವು. ಮೊದಲು ಎದ್ದದ್ದೇ ತಾರೀಖಿನ ಜಗಳ.

ಆಗಸ್ಟ್ 15ರ ಆಸುಪಾಸು ಬೇಡ, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಜನ ಹೋಗುತ್ತಾರೆ. ಶ್ರಾವಣ ಬಂದರೆ ಮದುವೆ, ಗೃಹಪ್ರವೇಶ. ಹಾಲ್ ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಕೇಳುವ ಹಾಗಿಲ್ಲ. ಸೆಪ್ಟೆಂಬರ್-ಅಕ್ಟೋಬರ್ ಅಂದರೆ ನಮ್ಮೂರಿನಲ್ಲಿ ಜೋರು ಮಳೆ. ಕೊನೆಗೆ ಉಳಿದದ್ದು ಆಷಾಢ. ಕಮಿಟಿಯ ಹಿರಿಯರೊಬ್ಬರು ಮೂಗು ಮುರಿದರು. 'ಆಷಾಢದಲ್ಲಿ ಹೊಸದೇನಾದರೂ ಶುರು ಮಾಡ್ತಾರೇನಮ್ಮ?' ಎದುರು ಮನೆ ಮೇಷ್ಟ್ರು ತಕ್ಷಣ, 'ಅವರೆ ಬಿತ್ತೋದು ಯಾವಾಗ ಮತ್ತೆ ರಾಯರೇ?' ಅಂದರು. ಅಲ್ಲಿಗೆ ತಾರೀಖು ತೀರ್ಮಾನವಾಯಿತು.

ಇದನ್ನು ಮಾಡುವವರಿಗೆ ನನ್ನ ಮೊದಲ ಸಲಹೆ ಇದೇ. ಆಷಾಢ ನೋಡಿ, ಇಲ್ಲವೇ ಧನುರ್ಮಾಸ ನೋಡಿ. ಮದುವೆ ಇಲ್ಲದ ತಿಂಗಳು, ಹಾಲ್‌ನವರು ನಮ್ಮ ಮಾತು ಕೇಳುವ ತಿಂಗಳು. ಮದುವೆ ಸೀಸನ್‌ಗೆ 45,000 ಹೇಳಿದ್ದ ಹಾಲ್ ನಮಗೆ 18,000ಕ್ಕೆ ಬಂತು. ಅದರ ಮೇಲೆ ಜಿಎಸ್‌ಟಿ ಶೇ. 18, ಅಂದರೆ ಇನ್ನೊಂದು 3,240. 10,000 ಠೇವಣಿ ಬೇರೆ. ಫೋನಿನಲ್ಲಿ ಬಾಡಿಗೆ ಮಾತ್ರ ಹೇಳುತ್ತಾರೆ. ಜಿಎಸ್‌ಟಿ, ಕ್ಲೀನಿಂಗ್, ಜನರೇಟರ್ ಡೀಸೆಲ್ ಯಾರ ತಲೆಗೆ ಅಂತ ನೀವೇ ಕೇಳಿ ಬರೆಸಿಕೊಳ್ಳಬೇಕು.

ಹಣ ಕಟ್ಟಲು ಹೋದಾಗ ನಿಜವಾದ ಕಥೆ ಶುರುವಾಯಿತು. 'ಯಾವ ಸಂಸ್ಥೆ ಮೇಡಂ? ಲೆಟರ್‌ಹೆಡ್ ಕೊಡಿ' ಅಂದರು ಮ್ಯಾನೇಜರ್. ಸಂಸ್ಥೆ ಎಲ್ಲಿಂದ ಬರಬೇಕು? ನಾವು ಸೊಪ್ಪು ಬೆಳೆಯುವ ಜನ. ಸಂಘ ನೋಂದಣಿ ಮಾಡಿಸುವ ಮಾತೂ ಬಂತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕನಿಷ್ಠ 7 ಜನ ಸದಸ್ಯರು ಬೇಕು. ಜನಕ್ಕೆ ಕೊರತೆ ಇರಲಿಲ್ಲ. ಆದರೆ ನಿಯಮಾವಳಿ ಬರೆಯುವುದು, ವಿಳಾಸದ ದಾಖಲೆ ಕೊಡುವುದು, ಆಮೇಲೆ ವರ್ಷ ವರ್ಷ ಲೆಕ್ಕ ಸಲ್ಲಿಸುವುದು, ಇದನ್ನೆಲ್ಲ ಒಂದು ಭಾನುವಾರದ ಕಾರ್ಯಕ್ರಮಕ್ಕೆ ಯಾರು ಹೊರುತ್ತಾರೆ? ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಬಾಗಿಲು ತಟ್ಟಿದೆವು. ಅವರ ಲೆಟರ್‌ಹೆಡ್ ಸಿಕ್ಕಿತು. ಜೊತೆಗೆ ಒಂದು ಷರತ್ತೂ ಸಿಕ್ಕಿತು: ಅಧ್ಯಕ್ಷರಿಗೆ ವೇದಿಕೆಯ ಮೇಲೆ ಕುರ್ಚಿ. ಈ ಕುರ್ಚಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ದುಡ್ಡು ಯಾರ ಖಾತೆಗೆ ಹಾಕಿಸುವುದು ಅನ್ನುವುದು ಇನ್ನೊಂದು ಕಗ್ಗಂಟು. ನೋಂದಣಿ ಇಲ್ಲದ ಗುಂಪಿಗೆ ಬ್ಯಾಂಕ್ ಖಾತೆ ತೆರೆಯುವುದು ಸುಲಭವಲ್ಲ. ನಮ್ಮ ಖಜಾಂಚಿ ಅಕ್ಕನ ಹತ್ತಿರ ಬಳಸದೆ ಬಿಟ್ಟಿದ್ದ ಒಂದು ಉಳಿತಾಯ ಖಾತೆ ಇತ್ತು. ಅದಕ್ಕೇ ಕ್ಯೂಆರ್ ಕೋಡ್ ಮಾಡಿಸಿದೆವು. ಪ್ರತಿ ಶನಿವಾರ ಅದರ ಸ್ಟೇಟ್‌ಮೆಂಟ್ ಎಲ್ಲರಿಗೂ ಹೋಗುತ್ತಿತ್ತು. ಮನೆ ಖರ್ಚಿನ ಖಾತೆಯನ್ನು ಇದಕ್ಕೆ ಬಳಸಬೇಡಿ. ಹಾಲಿನವನಿಗೆ ಕಳಿಸಿದ್ದು ಯಾವುದು, ಹಾಲ್‌ನವರಿಗೆ ಕಳಿಸಿದ್ದು ಯಾವುದು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಆಮೇಲೆ ಮೈಕ್. ಪೊಲೀಸ್ ಠಾಣೆಯ ಒಪ್ಪಿಗೆ ಪತ್ರ ಇಲ್ಲದೆ ಮೈಕ್ ಹಾಕಲು ಬಿಡುವುದಿಲ್ಲ ಅಂದರು ಹಾಲ್‌ನವರು. ಅರ್ಜಿಗೆ ಹಾಲ್ ಬುಕ್ಕಿಂಗ್ ರಸೀದಿ, ಇಬ್ಬರ ಆಧಾರ್ ಜೆರಾಕ್ಸ್, ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ ಅನ್ನುವ ವಿವರ ಸೇರಿಸಿದೆವು. ಠಾಣೆಗೆ ಹೋದಾಗಲೆಲ್ಲ ಸಾಹೇಬರು ಬಂದೋಬಸ್ತ್‌ಗೆ ಹೋಗಿರುತ್ತಿದ್ದರು. ಅವರದ್ದೂ ತಪ್ಪಲ್ಲ, ಊರು ತುಂಬ ಅವರಿಗೆ ಕೆಲಸ. ಬೆಂಚಿನ ಮೇಲೆ ಕೂತು ಕೂತು ಅಲ್ಲಿನ ಕಾನ್‌ಸ್ಟೆಬಲ್ ಪರಿಚಯವಾಯಿತು. 'ಮೇಡಂ, ನಮ್ಮನೆ ಕರಿಬೇವು ಮೊಣಕಾಲುದ್ದ ಬಂದು ನಿಂತುಬಿಟ್ಟಿದೆ. ಏನು ಮಾಡೋದು?' ಅಂದರು. ತುದಿ ಚಿವುಟಿ, ಕುಂಡ ದೊಡ್ಡದು ಮಾಡಿ, ಹುಳಿ ಮಜ್ಜಿಗೆಗೆ ನೀರು ಬೆರೆಸಿ ಬುಡಕ್ಕೆ ಹಾಕಿ ಅಂದೆ. ಪತ್ರ ಬೇಗ ಸಿಕ್ಕಿದ್ದು ಅದಕ್ಕೇನೂ ಅಲ್ಲ, ಬೇಗ ಸಿಗಲೂ ಇಲ್ಲ. ಆದರೆ ಆ ಕಾನ್‌ಸ್ಟೆಬಲ್ ಮನೆಯವರನ್ನು ಕರೆದುಕೊಂಡು ಸಮಾವೇಶಕ್ಕೆ ಬಂದಿದ್ದರು. ಒಂದು ಮಾತು ನೆನಪಿಡಿ: ಅರ್ಜಿಯ ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ. 'ಅರ್ಜಿ ಎಲ್ಲಿದೆಯೋ ನೋಡಬೇಕು' ಅನ್ನುವ ಮಾತು ಬಂದಾಗ ಆ ಸೀಲು ಕೈ ಹಿಡಿಯುತ್ತದೆ.

ಬ್ಯಾನರ್ ಫ್ಲೆಕ್ಸ್‌ನಲ್ಲಿ ಮಾಡಿಸಲಿಲ್ಲ, ಬಟ್ಟೆಯ ಮೇಲೆ ಬರೆಸಿದೆವು. 1,200 ಆಯಿತು. ರಸ್ತೆ ಬದಿ ಕಟ್ಟಲಿಲ್ಲ, ಹಾಲ್ ಒಳಗೆ ಮಾತ್ರ.

ಭಾಷಣಕಾರರನ್ನು ಹುಡುಕುವುದರಲ್ಲಿ ಸಮಯ ಜಾಸ್ತಿ ಹೋಯಿತು. ಕೆಲಸದಲ್ಲಿರುವ ವಿಜ್ಞಾನಿಗಳನ್ನು ಕರೆಯಬೇಕಾದರೆ ಅವರ ಮೇಲಿನವರಿಗೆ ಪತ್ರ ಹೋಗಬೇಕು, ಅಲ್ಲಿಂದ ಉತ್ತರ ಬರಬೇಕು. ಉತ್ತರಕ್ಕೆ ಕಾದು ಕಾದು, ಕೊನೆಗೆ ನಿವೃತ್ತರಾದ ಒಬ್ಬ ತೋಟಗಾರಿಕೆ ಮೇಷ್ಟ್ರನ್ನು ಹಿಡಿದೆವು. ಅವರಿಗೆ ಹಾರ ತುರಾಯಿ ಬೇಡ, ಸಸಿ ಕೊಡೋಣ ಅಂತ ನಮ್ಮ ಆಸೆ. ಫೋನಿನಲ್ಲೇ ಅವರು, 'ನಮ್ಮ ಫ್ಲಾಟಿಗೆ ಬಿಸಿಲೇ ಬರೋದಿಲ್ಲಮ್ಮ. ಸಸಿ ಕೊಟ್ಟು ಪಾಪ ಕಟ್ಟಿಕೋಬೇಡಿ, ಆಟೋ ಚಾರ್ಜ್ ಕೊಡಿ ಸಾಕು' ಅಂದರು. ಅಂಥವರು ಸಿಕ್ಕಿದರೆ ಬಿಡಬೇಡಿ.

ಕುರ್ಚಿಯ ವಿಷಯ. ಅಧ್ಯಕ್ಷರಿಗೆ ಒಂದು ಕುರ್ಚಿ ಅಂದ ಕೂಡಲೇ ಕಾರ್ಯದರ್ಶಿಗೆ ಇನ್ನೊಂದು, ಪಕ್ಕದ ಬಡಾವಣೆಯ ಸಂಘದವರಿಗೆ ಮತ್ತೊಂದು. ಎಲ್ಲರೂ ತಲಾ ಐದು ನಿಮಿಷ ಮಾತಾಡಿದರೆ ಬೆಳಗ್ಗೆ ಪೂರ್ತಿ ಹೋಯಿತು. ಕೊನೆಗೆ ವೇದಿಕೆಯ ಮೇಲೆ ಕುರ್ಚಿಯನ್ನೇ ಹಾಕಲಿಲ್ಲ. ಒಂದು ಸ್ಟ್ಯಾಂಡ್ ಮೈಕ್, ಅಷ್ಟೆ. ಅಧ್ಯಕ್ಷರ ಮುಖ ಸಣ್ಣದಾಯಿತು. ಬೀಜ ತಂದು ಹಂಚಿಕೊಳ್ಳುವ ಮೇಜನ್ನು ಅವರ ಕೈಯಿಂದಲೇ ಶುರು ಮಾಡಿಸಿದೆವು. ಮೊದಲ ಪೊಟ್ಟಣ ಅವರು ಇಟ್ಟರು, ದೇವನಹಳ್ಳಿ ಚಕ್ಕೋತದ ಬೀಜ. ಆಮೇಲೆ ಮಧ್ಯಾಹ್ನದ ತನಕ ಅವರು ಆ ಮೇಜು ಬಿಟ್ಟು ಅಲುಗಲಿಲ್ಲ. ಎಲ್ಲರಿಗೂ ಪೊಟ್ಟಣ ಮಡಚಿ ಕೊಡುತ್ತಿದ್ದರು.

ಈ ಬೀಜದ ಮೇಜಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಜನ ಬರುವುದೇ ಇದಕ್ಕೆ. ಭಾಷಣ ನಡೆಯುವಾಗಲೂ ಅರ್ಧ ಜನ ಇಲ್ಲೇ ಇದ್ದರು. ಮೊದಲೇ ಗೊತ್ತಿದ್ದದ್ದೇ ಇದು, ಅದಕ್ಕೇ ವೇದಿಕೆಗಿಂತ ಮೇಜಿಗೆ ಜಾಗ ಜಾಸ್ತಿ ಬಿಟ್ಟಿದ್ದೆವು. ಹಾಗಿದ್ದೂ ಸಾಲಲಿಲ್ಲ.

ಬೀಜ ತರುವವರಿಗೆ ಮುಂಚೆಯೇ ಒಂದು ಚೀಟಿ ಕಳಿಸಿದ್ದೆವು. ಯಾವ ಗಿಡ, ಎಲ್ಲಿಯದು, ಯಾವ ತಿಂಗಳು ಬೀಜ ಹಿಡಿದದ್ದು, ಬಳ್ಳಿಯೋ ಪೊದೆಯೋ, ಇಷ್ಟು ಬರೆದು ಪೊಟ್ಟಣದ ಮೇಲೆ ಅಂಟಿಸಬೇಕು. ಬರೆಯದವರ ಬೀಜ ಪಕ್ಕಕ್ಕೆ. ಇದು ಬಿಗಿಯಾಯಿತು ಅಂತ ಕೆಲವರು ಗೊಣಗಿದರು. ಅವರೆ ಬೀಜ ಬಂದಾಗ ಅವರಿಗೂ ಅರ್ಥವಾಯಿತು.

ನಾಟಿ ಅವರೆಗೆ ಹಗಲು ಚಿಕ್ಕದಾಗಬೇಕು. ಜೂನ್-ಜುಲೈನಲ್ಲಿ ಬಿತ್ತಿದರೂ ಚಳಿಗಾಲ ಹತ್ತಿರ ಬರುವ ತನಕ ಸುಮ್ನೆ ಬಳ್ಳಿ ಹಬ್ಬುತ್ತಾ ಹೋಗುತ್ತದೆ, ಹೂ ಬಿಡುವುದಿಲ್ಲ. ಕೃಷಿ ವಿಶ್ವವಿದ್ಯಾಲಯದವರು ತಂದ ಹೆಬ್ಬಾಳ ಅವರೆಗೆ ಈ ಹಟ ಇಲ್ಲ. ಎಚ್‌ಎ-3, ಎಚ್‌ಎ-4 ಅಂತ ಸಿಗುತ್ತದಲ್ಲ, ಅದು ಪೊದೆಯ ಹಾಗೆ ಗಿಡ್ಡ, ಯಾವ ಕಾಲದಲ್ಲಿ ಹಾಕಿದರೂ ಕಾಯಿ ಕಟ್ಟುತ್ತದೆ. ನಮ್ಮ ಹೆಬ್ಬಾಳದ ಹೆಸರೇ ಅದಕ್ಕೆ. ಎರಡೂ ಬೀಜ ನೋಡಲು ಹೆಚ್ಚು ಕಡಿಮೆ ಒಂದೇ. ಹೆಸರಿಲ್ಲದ ಪೊಟ್ಟಣ ಒಯ್ದು ಫೆಬ್ರವರಿಯಲ್ಲಿ ನಾಟಿ ಅವರೆ ಬಿತ್ತಿದವರು ಬೇಸಿಗೆ ಪೂರ್ತಿ ಬಳ್ಳಿಗೆ ನೀರು ಹೊತ್ತು, ಒಂದು ಕಾಯಿ ಕಾಣದೆ ನಮ್ಮನ್ನು ಬೈಯುತ್ತಾರೆ. ಸೊಗಡು ನಾಟಿಯದ್ದೇ ಚೆನ್ನ ಅಂತ ಅಲ್ಲಿಯೇ ಒಂದು ವಾದವೂ ಆಯಿತು. ನನ್ನ ಮತವೂ ನಾಟಿಗೇ. ಆದರೆ ನಾಲ್ಕು ಕುಂಡ ಇರುವವರು ಹೆಬ್ಬಾಳ ಅವರೆ ಹಾಕಿಕೊಳ್ಳುವುದು ಲೇಸು.

ಟೊಮೆಟೊ ಬೀಜದ್ದು ಇನ್ನೊಂದು ಫಜೀತಿ. ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ತಳಿಯ ಹಣ್ಣಿನಿಂದ ಬೀಜ ತೆಗೆದು, ಒಣಗಿಸಿ, ಪ್ರೀತಿಯಿಂದ ತಂದಿದ್ದರು ಒಬ್ಬರು. ರಕ್ಷಕ್ ಎಫ್1 ಹೈಬ್ರಿಡ್, ಅಂದರೆ ಎರಡು ಬೇರೆ ತಳಿ ಕೂಡಿಸಿದ ಮೊದಲ ಪೀಳಿಗೆ. ಎಲೆ ಮುರುಟು ನಂಜು, ಸೊರಗು ರೋಗ, ಎಲೆ ಚುಕ್ಕೆಯ ಅಂಗಮಾರಿ, ಮೂರನ್ನೂ ತಡೆಯುವ ಗುಣ ಅದಕ್ಕಿದೆ. ಆದರೆ ಅದರ ಹಣ್ಣಿನ ಬೀಜ ಹಾಕಿದರೆ ಗಿಡಗಳು ಒಂದೊಂದು ಒಂದೊಂದು ಥರ ಬರುತ್ತವೆ, ಆ ಗುಣ ಉಳಿಯುತ್ತದೆ ಅನ್ನುವ ಹಾಗಿಲ್ಲ. ಅದೇ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ ಹಾಗಲ್ಲ. ಅದು ಹೈಬ್ರಿಡ್ ಅಲ್ಲದ ತಳಿ, ಬೀಜ ಹಿಡಿದು ಹಂಚಬಹುದು. ಟೊಮೆಟೊ ಬೀಜ ತಂದವರಿಗೆ ಇದನ್ನು ಎಲ್ಲರೆದುರು ಹೇಳುವುದು ಮುಜುಗರವೇ. ಪಕ್ಕಕ್ಕೆ ಕರೆದು ಹೇಳಿದೆವು, ಕಾಫಿ ಕೊಟ್ಟು.

ಗುಲಾಬಿ, ನೀಲಿ ಬಣ್ಣ ಬಳಿದ ಅಂಗಡಿ ಬೀಜಗಳನ್ನು ಮಾತ್ರ ಮುಲಾಜಿಲ್ಲದೆ ವಾಪಸ್ ಕಳಿಸಿದೆವು. ಅಂಥ ಬೀಜಕ್ಕೆ ಔಷಧಿ ಲೇಪ ಇರುತ್ತದೆ. ಮೇಜಿನ ಸುತ್ತ ಮಕ್ಕಳು ಕೈಯಾಡಿಸುತ್ತಿರುತ್ತಾರೆ.

ಸಸಿಗಳನ್ನು ಹಾಲ್ ಒಳಗೆ ಬಿಡಲಿಲ್ಲ. ಪಾರ್ಕಿಂಗ್‌ನಲ್ಲಿ ಬೇರೆ ಮೇಜು, ಅಲ್ಲೊಬ್ಬರು ಭೂತಗನ್ನಡಿ ಹಿಡಿದು ನಿಂತಿದ್ದರು. ದಾಸವಾಳದ ಕಡ್ಡಿಗಳಲ್ಲಿ ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಎಷ್ಟಿತ್ತು ಗೊತ್ತಾ! ಒಂದು ಕಡ್ಡಿ ಮನೆಗೆ ಹೋದರೆ ಸಾಕು, ತಾರಸಿ ಪೂರ್ತಿ ಅದೇ. ಅಂಥವನ್ನು ಬಕೆಟ್ ಸೋಪು ನೀರಿಗೆ ಹಾಕಿದೆವು. ತಂದವರಿಗೆ ಬೇಜಾರಾಯಿತು, ಆಗಲಿ. ಬಸಳೆ, ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ ಮಾತ್ರ ಬಂದಷ್ಟೇ ಬೇಗ ಖಾಲಿಯಾದವು. ಸೀಮೆಬದನೆ ಇಡೀ ಕಾಯಿಯನ್ನೇ ಮೊಳಕೆ ಬರಿಸಿ ತಂದಿದ್ದರು ಯಲಹಂಕದ ಒಬ್ಬ ಅಜ್ಜಿ. ಅದಕ್ಕೆ ಸಣ್ಣ ಹರಾಜೇ ನಡೆಯಿತು.

ಸಗಣಿ, ಗಂಜಲದಿಂದ ಮಾಡುವ ದ್ರವ ಗೊಬ್ಬರ ಜೀವಾಮೃತವನ್ನು ಮಾಡಿ ತೋರಿಸುವುದಿತ್ತು. 'ಸಗಣಿ, ಗಂಜಲ ಒಳಗೆ ತರೋ ಹಾಗಿಲ್ಲ' ಅಂತ ಮ್ಯಾನೇಜರ್ ಹಿಂದಿನ ದಿನ ಹೇಳಿದರು. ಮುಂಗಡ ಕೊಡುವಾಗ ಹೇಳಬಾರದಿತ್ತೇ? ಅದೂ ಪಾರ್ಕಿಂಗ್‌ಗೆ ಹೋಯಿತು. ತಿಂಡ್ಲು ಕಡೆ ಹಸು ಸಾಕುವ ಮನೆಯಿಂದ ಸಗಣಿ, ಗಂಜಲ ತಂದಿದ್ದೆವು. ರೈತರ ಲೆಕ್ಕ 200 ಲೀಟರ್ ನೀರಿಗೆ. ಮನೆಗೆ 10 ಲೀಟರ್ ಸಾಕು: ಅರ್ಧ ಕೆಜಿ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಾ ತಿರುಗಿಸಬೇಕು. ಅಪಾರ್ಟ್‌ಮೆಂಟ್‌ನವರು ಮೊದಲು ಪಕ್ಕದ ಮನೆಯವರನ್ನು ಕೇಳಿ ಮಾಡಿ, ವಾಸನೆ ಬರುತ್ತದೆ.

ಮಳಿಗೆಗೆ 1,000 ಇಟ್ಟಿದ್ದೆವು, ಎಂಟು ಮಳಿಗೆ ಬಂದವು. ಒಬ್ಬರು 'ಸಾವಯವ' ಅಂತ ಬೋರ್ಡ್ ಹಾಕಿ ಮೇಜಿನ ಕೆಳಗಿನಿಂದ ರಾಸಾಯನಿಕ ಹೂವಿನ ಟಾನಿಕ್ ಮಾರುತ್ತಿದ್ದರು. ಕೇಳಿದರೆ ದುಡ್ಡು ವಾಪಸ್ ಕೊಡಿ ಅಂತ ಜಗಳ. ಏನು ಮಾರಬಹುದು, ಏನು ಕೂಡದು ಅಂತ ನಾವು ಮೊದಲೇ ಬರೆದು ಸಹಿ ಹಾಕಿಸಿಕೊಂಡಿದ್ದೆವು. ಆ ಕಾಗದ ತೋರಿಸಿದ ಮೇಲೆ ಬಾಟಲಿಗಳು ಚೀಲ ಸೇರಿದವು. ಬಾಯಿ ಮಾತಿನಲ್ಲಿ ಮಳಿಗೆ ಕೊಡಲೇಬೇಡಿ.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಂಡದ್ದು ಒಳ್ಳೆಯದಾಯಿತು. ಮೈಕ್ ಕೊಟ್ಟರೆ ಪ್ರಶ್ನೆಗೆ ಮುಂಚೆ ಅವರ ಮನೆ ಕಥೆ ಬರುತ್ತದೆ. ಚೀಟಿಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ: ಹೀರೆ, ಸೋರೆ ಕಾಯಿ ಪುಟ್ಟದಿರುವಾಗಲೇ ಹಳದಿಯಾಗಿ ಉದುರುತ್ತದೆ. ಪರಾಗ ತಲುಪಿರುವುದಿಲ್ಲ. ನಾಲ್ಕನೇ ಮಹಡಿಗೆ ದುಂಬಿ ಎಷ್ಟು ಬರುತ್ತದೆ? ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನಾವೇ ಸವರಬೇಕು. ಬುಡದಲ್ಲಿ ಪುಟ್ಟ ಕಾಯಿ ಇರುವುದೇ ಹೆಣ್ಣು. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಹೊತ್ತು ಹೇಳುವುದಿಲ್ಲ. ಕುಂಬಳ, ಸೌತೆ, ಹಾಗಲ ಬೆಳಗ್ಗೆ ಅರಳುತ್ತವೆ. ಹೀರೆ, ಸೋರೆ ಸಂಜೆ. ಬೆಳಗ್ಗೆ ಎದ್ದು ಮುದುಡಿದ ಹೀರೆ ಹೂವಿಗೆ ಸವರುತ್ತಿದ್ದವರು ಅಲ್ಲಿ ಬೇಕಾದಷ್ಟು ಜನ ಇದ್ದರು.

ಇನ್ನೊಂದು, ನೀರು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಹಾಕಿದರೆ 5,000 ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತಲ್ಲ, ಆ ಬೇಸಿಗೆ ಯಾರಿಗೂ ಮರೆತಿಲ್ಲ. ಅಕ್ಕಿ, ತರಕಾರಿ ತೊಳೆದ ನೀರು, ಮಳೆ ನೀರಿನ ಡ್ರಮ್ಮು, ಇವು ಸರಿ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ದಿನಾ ಕುಂಡಕ್ಕೆ ಹಾಕಬೇಡಿ, ಅದರಲ್ಲಿ ಉಪ್ಪಿನಂಶ ಜಾಸ್ತಿ. ಬೋರ್‌ವೆಲ್ ನೀರಿನಿಂದ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದ್ದರೆ ಮೇಲಿನ ಮಣ್ಣು ತೆಗೆದು ಎರೆಗೊಬ್ಬರ ಹಾಕಿ. ತಾರಸಿ ಭಾರದ ಪ್ರಶ್ನೆಯೂ ಬಂತು. ಒಂದು ಘನ ಮೀಟರ್ ಒದ್ದೆ ಮಣ್ಣು ಒಂದೂವರೆ ಟನ್ನಿಗೂ ಜಾಸ್ತಿ ತೂಗುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ ಹಗುರ ಮಾಡಿ, ದೊಡ್ಡ ಕುಂಡಗಳನ್ನು ಪಿಲ್ಲರ್, ಬೀಮ್ ಮೇಲೆ ಸಾಲಾಗಿಡಿ, ಹಳೇ ಮನೆಯಾದರೆ ಇಂಜಿನಿಯರ್‌ಗೆ ತೋರಿಸಿ.

ಊಟಕ್ಕೆ ಮುದ್ದೆ, ಮಸ್ಸೊಪ್ಪು ಸಾರು, ಕೋಸಂಬರಿ, ಅನ್ನ, ಮಜ್ಜಿಗೆ. ಒಂದು ಊಟಕ್ಕೆ 120ರಂತೆ 240 ಜನಕ್ಕೆ ಹೇಳಿದ್ದೆವು. ಸೊಪ್ಪು ನಮ್ಮ ತಾರಸಿಗಳಿಂದಲೇ ಬರಲಿ ಅಂತ ಆಸೆ. ಬಂದದ್ದು ನೋಡಿ ಅಡುಗೆಯವರು ನಕ್ಕುಬಿಟ್ಟರು, 'ಅಕ್ಕ, ಇದು ಒಗ್ಗರಣೆಗಾಯ್ತು, ಸಾರಿಗೆ?' ಯಲಹಂಕ ಮಾರ್ಕೆಟ್ಟಿನಿಂದ ದಂಟು, ಪಾಲಕ್ ಕಟ್ಟು ತರಿಸಿದೆವು. ಮುದ್ದೆ ಬೇಕಾದರೆ ಅಡುಗೆಯವರಿಗೆ ಮೊದಲೇ ಹೇಳಿ. ಮುದ್ದೆ ಕಟ್ಟುವವರನ್ನು ಬೇರೆ ಕರೆಸಬೇಕಾಗುತ್ತದೆ. ಸ್ಟೀಲ್ ತಟ್ಟೆ ಬಾಡಿಗೆಗೆ ತಂದೆವು. ತೊಳೆಯಲು ನೀರಿನ ವ್ಯವಸ್ಥೆ ಇದೆಯಾ ಅಂತ ಹಾಲ್‌ನವರನ್ನು ಕೇಳಿಕೊಳ್ಳಿ, ಟ್ಯಾಂಕರ್ ಬಂದರೆ ಆ ಖರ್ಚೂ ನಿಮ್ಮದೇ.

ಪ್ರವೇಶಕ್ಕೆ 200 ಇಟ್ಟಿದ್ದೆವು, ಊಟ ಸೇರಿ. ಜಾಸ್ತಿಯಾಯಿತು ಅಂದವರೂ ಇದ್ದರು. ಮೈಕ್‌ಗೆ 3,500, ಆಟೋ, ಲೇಬಲ್, ಜೆರಾಕ್ಸ್ ಅಂತ ಚಿಲ್ಲರೆ ಖರ್ಚು. ಎಲ್ಲ ಕಳೆದು ನಮ್ಮ ಕೈಯಿಂದ 6,000ದ ಹತ್ತಿರ ಬಿತ್ತು. ಅದರಲ್ಲಿ 1,500 ಠೇವಣಿಯಲ್ಲಿ ಹಿಡಿದುಕೊಂಡದ್ದು. ನೆಲದ ಮೇಲೆ ಮಣ್ಣಿನ ಕಲೆ ಅಂತೆ. ಸಸಿಯನ್ನು ಒಳಗೇ ಬಿಟ್ಟಿರಲಿಲ್ಲ, ಕಲೆ ಎಲ್ಲಿಂದ ಬಂತೋ! ಬಾಕಿ ದುಡ್ಡು ಬರಲೂ ಫೋನು ಮಾಡಿ ಮಾಡಿ ಕಾಯಬೇಕಾಯಿತು. ಹಾಲ್‌ನ ಬೀಗದ ಕೈ ತೆಗೆದುಕೊಂಡ ಕೂಡಲೇ ನೆಲ, ಗೋಡೆ, ಶೌಚಾಲಯ ಎಲ್ಲ ವೀಡಿಯೊ ಮಾಡಿಕೊಳ್ಳಿ. ವಾಪಸ್ ಕೊಡುವಾಗ ಇನ್ನೊಂದು ಸಲ ಮಾಡಿ, ಮ್ಯಾನೇಜರ್ ಎದುರಿಗೇ.

ಅರ್ಜಿಗಳು, ಮಳಿಗೆಯವರ ಕಾಗದ, ಬೀಜದ ಚೀಟಿ, ಎಲ್ಲದರ ನಕಲು ಇಟ್ಟಿದ್ದೇವೆ. ಬೇಕಾದವರಿಗೆ ಕೊಡುತ್ತೇವೆ, ಹೆಸರು, ತಾರೀಖು ಬದಲಿಸಿಕೊಂಡರೆ ಆಯಿತು. ಮುಂದಿನ ಆಷಾಢದ ಮೊದಲ ಭಾನುವಾರ ಮಾತ್ರ ನಿಮ್ಮ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಆ ದಿನಕ್ಕೆ ಬೈದುಕೊಂಡೇ ಅದೇ ಹಾಲ್‌ಗೆ ಮುಂಗಡ ಕೊಟ್ಟಿದ್ದೇವೆ. ಮುದ್ದೆ ಕಟ್ಟುವವರಿಗೂ ಹೇಳಿ ಆಗಿದೆ.